ಗದ್ದೆಯ ಇಂಗಾಲದ ಲೆಕ್ಕ: ನೀರು ನಿಂತ ದಿನ, ಸುರಿದ ಚೀಲ

ಬೆಳೆಯ ಇಂಗಾಲ ಹೆಜ್ಜೆಗುರುತನ್ನು, ಅಂದರೆ ಬೆಳೆ ತೆಗೆಯುವಾಗ ಗಾಳಿಗೆ ಸೇರುವ, ಭೂಮಿಯ ಬಿಸಿ ಏರಿಸುವ ಅನಿಲಗಳ ಮೊತ್ತವನ್ನು, ಅಳೆಯುವುದು ಹೇಗೆಂದು ಮಂಡ್ಯ, ಮೈಸೂರು ಕಡೆಯಿಂದ ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ. ಮೊದಲೇ ಒಂದು ಮಾತು. ನೂರು ವರ್ಷದ ಲೆಕ್ಕದಲ್ಲಿ 1 ಕಿಲೋ ಮೀಥೇನ್ 27 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. 1 ಕಿಲೋ ನೈಟ್ರಸ್ ಆಕ್ಸೈಡ್ 273 ಕಿಲೋಗೆ ಸಮ. ಹಳೆಯ ತಂತ್ರಾಂಶಗಳಲ್ಲಿ 28 ಮತ್ತು 265 ಎಂದಿರುತ್ತದೆ. ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ. ಈ ಪುಟದಲ್ಲಿ ‘ಕಿಲೋ ಸಮಾನ’ ಎಂದರೆ ಹೀಗೆ ಪರಿವರ್ತಿಸಿದ ಮೊತ್ತ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಎರಡು ಎಕರೆ ಗದ್ದೆಯಿದೆ. ನಾಟಿ ಭತ್ತ. ಎಕರೆಗೆ ಎರಡು ಟನ್ ಕೊಟ್ಟಿಗೆ ಗೊಬ್ಬರ, ಎರಡು ಚೀಲ ಯೂರಿಯಾ, ಒಂದು ಚೀಲ ಡಿಎಪಿ ಹಾಕುತ್ತೇನೆ. ಟ್ರ್ಯಾಕ್ಟರ್ ಹೊಗೆಯೇ ದೊಡ್ಡ ಬಾಬತ್ತು ಎಂದು ಮಗ ಹೇಳುತ್ತಾನೆ. ನಾನೇ ಲೆಕ್ಕ ಹಾಕಬಹುದೇ?
— ಭತ್ತ ಬೆಳೆಗಾರರು, ಮದ್ದೂರು ತಾಲ್ಲೂಕು

ಹಾಕಬಹುದು. ಪೆನ್ನು, ಕಾಗದ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು. ಮಗನ ಊಹೆ ಮಾತ್ರ ತಲೆಕೆಳಗಾಗುತ್ತದೆ.

ನಿಂತ ನೀರಿನಿಂದ ಶುರುಮಾಡಿ. ನೀರಿನಡಿಯ ಕೆಸರಿಗೆ ಗಾಳಿ ಸಿಗದಾಗ ಅಲ್ಲಿನ ಸೂಕ್ಷ್ಮಾಣುಗಳು ಮೀಥೇನ್ ಹುಟ್ಟಿಸುತ್ತವೆ. ಅದು ಬಹುಪಾಲು ಭತ್ತದ ತೆಂಡೆಯೊಳಗಿನ ಗಾಳಿಕೊಳವೆಗಳ ಮೂಲಕವೇ ಹೊರಬೀಳುತ್ತದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿ ದಕ್ಷಿಣ ಏಷ್ಯಾಕ್ಕೆ ಕೊಡುವ ಮೂಲ ಅಂಕಿ ಹೆಕ್ಟೇರಿಗೆ ದಿನಕ್ಕೆ 0.85 ಕಿಲೋ ಮೀಥೇನ್. ಇದು ಸದಾ ನೀರು ನಿಂತ, ಸಾವಯವ ಗೊಬ್ಬರ ಬೀಳದ ಗದ್ದೆಯ ಅಂಕಿ. ನಾಟಿಯಿಂದ ಕೊಯ್ಲಿನವರೆಗೆ 120 ದಿನ ಎಂದು ಹಿಡಿದರೆ ಹೆಕ್ಟೇರಿಗೆ 102 ಕಿಲೋ. ಅದನ್ನು 2.47ರಿಂದ ಭಾಗಿಸಿದರೆ ಎಕರೆಗೆ 41.3 ಕಿಲೋ ಮೀಥೇನ್, ಅಂದರೆ 1,115 ಕಿಲೋ ಸಮಾನ. ಒಟ್ಲು ಮಡಿಯಲ್ಲಿ ಪೈರು ಇದ್ದ ದಿನಗಳು ಇದಕ್ಕೆ ಸೇರುವುದಿಲ್ಲ.

ಇದಕ್ಕೆ ಗೊಬ್ಬರದ ಗುಣಕ ಕೂಡುತ್ತದೆ. ಎಕರೆಗೆ ಎರಡು ಟನ್ ಎಂದರೆ ಹೆಕ್ಟೇರಿಗೆ ಸುಮಾರು 5 ಟನ್ ಹಸಿ ತೂಕ. ಕೊಟ್ಟಿಗೆ ಗೊಬ್ಬರದ ಅಂಕಿ 0.21. ಇವೆರಡನ್ನು ಗುಣಿಸಿ, 1 ಕೂಡಿಸಿ, ಬಂದದ್ದನ್ನು 0.59ರ ಘಾತಕ್ಕೇರಿಸಿದರೆ 1.52. ಮೀಥೇನ್ ಒಂದೂವರೆ ಪಟ್ಟಾಗಿ 1,695 ಕಿಲೋ ಸಮಾನಕ್ಕೆ ಏರುತ್ತದೆ.

ಹಾಗೆಂದು ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕಿಲ್ಲ. ಹೆಚ್ಚು ತೊಂದರೆ ಕೊಡುವುದು ಕೊಳೆಯದ ಹುಲ್ಲು. ಕಂಬೈನ್ ಯಂತ್ರ ಉಳಿಸಿಹೋದ ಹುಲ್ಲನ್ನು ಮುಂದಿನ ನಾಟಿಗೆ 30 ದಿನ ಇಲ್ಲದಿರುವಾಗ ಕೆಸರಿಗೆ ತುಳಿದರೆ ಅದರ ಅಂಕಿ 1. ಎಕರೆಗೆ 8 ಕ್ವಿಂಟಾಲ್ ಒಣಹುಲ್ಲು ಹೀಗೆ ಸೇರಿದರೆ ಮೀಥೇನ್ 1.9 ಪಟ್ಟಾಗುತ್ತದೆ. ಅದೇ ಹುಲ್ಲನ್ನು ಕೊಯ್ಲಾದ ಕೂಡಲೇ, ನೆಲ ಒಣಗಿರುವಾಗ, ನಾಟಿಗೆ ತಿಂಗಳಿಗಿಂತ ಮುಂಚೆ ಉತ್ತು ಬಿಟ್ಟರೆ ಅಂಕಿ 0.19ಕ್ಕೆ ಇಳಿದು ಏರಿಕೆ 1.2 ಪಟ್ಟಿಗೆ ನಿಲ್ಲುತ್ತದೆ. ಹುಲ್ಲು ಅಷ್ಟೇ, ಡೀಸೆಲ್ ಅಷ್ಟೇ. ಉತ್ತ ದಿನವಷ್ಟೇ ಬೇರೆ.

ಇನ್ನು ಸಾರಜನಕ. 45 ಕಿಲೋ ಯೂರಿಯಾ ಚೀಲದಲ್ಲಿ 46 ಪರ್ಸೆಂಟ್, ಅಂದರೆ 20.7 ಕಿಲೋ ಸಾರಜನಕ. 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ. ಕೊಟ್ಟಿಗೆ ಗೊಬ್ಬರದ್ದು ಸುಮಾರು 10 ಕಿಲೋ. ಎಲ್ಲ ಸೇರಿ 60 ಕಿಲೋ. ಸದಾ ನೀರು ನಿಂತ ಗದ್ದೆಯಲ್ಲಿ ಇದರ 0.3 ಪರ್ಸೆಂಟ್ ನೈಟ್ರಸ್ ಆಕ್ಸೈಡಿನ ಸಾರಜನಕವಾಗಿ ಹೋಗುತ್ತದೆ ಎಂಬುದು ಲೆಕ್ಕ. ಅನಿಲದ ತೂಕ ತಿಳಿಯಲು 44ರಿಂದ ಗುಣಿಸಿ 28ರಿಂದ ಭಾಗಿಸಬೇಕು. ಬಹಳ ಜನ ತಪ್ಪುವುದು ಈ ಹೆಜ್ಜೆಯಲ್ಲೇ. ಬಿಟ್ಟರೆ ಮೂರನೇ ಒಂದರಷ್ಟು ಕಡಿಮೆ ಬರುತ್ತದೆ. ಉತ್ತರ ಸುಮಾರು 77 ಕಿಲೋ ಸಮಾನ. ಅಮೋನಿಯಾ ಆಗಿ ಹಾರಿದ್ದು, ಬಸಿಗಾಲುವೆಗೆ ಹೋದದ್ದು ಬೇರೆಲ್ಲೋ ನೈಟ್ರಸ್ ಆಕ್ಸೈಡ್ ಆಗುವ ಪರೋಕ್ಷ ಬಾಬತ್ತು ಇನ್ನೂ 95ರ ಸುಮಾರು. ಯೂರಿಯಾ ಕರಗುವಾಗ ಕಿಲೋಗೆ 0.733 ಕಿಲೋ ಡೈಆಕ್ಸೈಡ್ ಬಿಡುತ್ತದೆ; ಎರಡು ಚೀಲಕ್ಕೆ 66.

ಡೀಸೆಲ್ ಕೊನೆಗೆ. ಲೀಟರಿಗೆ 2.68 ಕಿಲೋ. ಕೆಸರುಗದ್ದೆ ಮಾಡುವುದರಿಂದ ಕಟಾವಿನವರೆಗೆ ಎಕರೆಗೆ 20 ಲೀಟರ್ ಆಗಿದ್ದರೆ 54 ಕಿಲೋ. ಬಾಡಿಗೆ ಟ್ರ್ಯಾಕ್ಟರಾದರೆ ಗಂಟೆಯಿಂದ ಊಹಿಸಬೇಡಿ. ಕೆಲಸಕ್ಕೆ ಮುಂಚೆ ಟ್ಯಾಂಕ್ ತುಂಬಿಸಿ, ಮುಗಿದ ಮೇಲೆ ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಲು ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ.

ಒಟ್ಟು ಎಕರೆಗೆ ಸುಮಾರು 1,990 ಕಿಲೋ ಸಮಾನ. ಅದರಲ್ಲಿ ಟ್ರ್ಯಾಕ್ಟರಿನ ಪಾಲು ನೂರಕ್ಕೆ ಮೂರೂ ಇಲ್ಲ. 22 ಕ್ವಿಂಟಾಲ್ ಭತ್ತ ಬಂದರೆ ಕ್ವಿಂಟಾಲಿಗೆ 90 ಕಿಲೋ. ಎಕರೆಯ ಅಂಕಿ, ಕ್ವಿಂಟಾಲಿನ ಅಂಕಿ ಎರಡನ್ನೂ ಬರೆದಿಡಿ. ಇಳುವರಿ ಬಿದ್ದ ವರ್ಷ ಎಕರೆಯ ಅಂಕಿ ಹಾಗೇ ಇದ್ದು ಕ್ವಿಂಟಾಲಿನದು ಏರುತ್ತದೆ.

ಗೊಬ್ಬರದ ಕಾರ್ಖಾನೆಯ ಹೊರೆಯನ್ನು ಇಲ್ಲಿ ಸೇರಿಸಿಲ್ಲ. ಸೇರಿಸುವುದಾದರೆ ಬೇರೆ ಸಾಲಿನಲ್ಲಿ, ಅಂಕಿ ಎಲ್ಲಿಂದ ತಂದಿರೆಂದು ಬರೆದು ಸೇರಿಸಿ. ಅನಿಲದಿಂದ ತಯಾರಾದ ಯೂರಿಯಾಕ್ಕೂ ಕಲ್ಲಿದ್ದಲಿನದಕ್ಕೂ ಬಹಳ ಅಂತರವಿದೆ. ಇನ್ನೊಂದು ಎಚ್ಚರ: ಯೂರಿಯಾದೊಳಗಿನ ಡೈಆಕ್ಸೈಡನ್ನು ಕೆಲವು ಕೋಷ್ಟಕಗಳು ಕಾರ್ಖಾನೆಯಲ್ಲೇ ಎಣಿಸಿರುತ್ತವೆ. ಆಗ ಮೇಲಿನ 66ನ್ನು ಮತ್ತೆ ಕೂಡಿಸಿದರೆ ಒಂದೇ ಹೊಗೆಗೆ ಎರಡು ಸಲ ಬಿಲ್ಲು.

ಪ್ರಶ್ನೆ: ನಮ್ಮದು ನಾಲೆಯ ಕೊನೆ ಭಾಗ. ಕಟ್ಟು ನೀರಿನಲ್ಲಿ (ಸರದಿಯ ಮೇಲೆ ಬಿಡುವ ನೀರು) ಬಂದಾಗ ಬಂತು, ಇಲ್ಲದಾಗ ಗದ್ದೆ ಬಿರುಕು ಬಿಡುತ್ತದೆ. ನೀರು ಆರಿಸಿ ಕಟ್ಟಿದರೆ ಕಾರ್ಬನ್ ಹಣ ಕೊಡುತ್ತೇವೆಂದು ಒಬ್ಬರು ಕರಾರುಪತ್ರ ತಂದಿದ್ದಾರೆ. ಪೈಪ್ ನೆಡಬೇಕಂತೆ. ಸಹಿ ಹಾಕಬಹುದೇ?
— ರೈತರು, ಮಳವಳ್ಳಿ ತಾಲ್ಲೂಕು

ಮೊದಲು ಪೈಪಿನ ವಿಷಯ. ಹಣ ಬರಲಿ ಬಿಡಲಿ ಅದು ಉಪಯೋಗಕ್ಕೆ ಬರುವ ವಸ್ತು. 30 ಸೆಂ.ಮೀ. ಉದ್ದ, 10ರಿಂದ 15 ಸೆಂ.ಮೀ. ಅಗಲದ ಪಿವಿಸಿ ತುಂಡು ತೆಗೆದುಕೊಳ್ಳಿ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧ ಮಣ್ಣಿನೊಳಗೆ ಹೋಗುವಂತೆ ಊರಿ. ಒಳಗಿನ ಕೆಸರನ್ನು ಕೈಯಿಂದ ತಳದವರೆಗೂ ತೆಗೆಯಿರಿ. ನಾಟಿಯಾಗಿ ಒಂದೆರಡು ವಾರ ಬಿಟ್ಟು ಶುರುಮಾಡಿ. ಪೈಪಿನೊಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ನೀರು ಕಟ್ಟಿ. ಹೂವಿಗೆ ಒಂದು ವಾರ ಮುಂಚಿನಿಂದ ಹೂವಾಗಿ ಒಂದು ವಾರದವರೆಗೆ ಮಾತ್ರ ಆರಿಸಬೇಡಿ. ಆಗ ನೀರು ತಪ್ಪಿದರೆ ಜೊಳ್ಳು ಹೆಚ್ಚುತ್ತದೆ.

ಇದು ಕೆಡುವುದು ಮೂರು ಕಡೆ. ಬದುವಿನ ಪಕ್ಕವೇ ಊರಿದರೆ ಪಕ್ಕದ ಗದ್ದೆಯ ಜಿನುಗು ಒಳಗಿಳಿದು, ನಡುಗದ್ದೆ ಒಣಗಿದ್ದರೂ ಪೈಪಿನಲ್ಲಿ ನೀರು ಕಾಣುತ್ತದೆ. ಬದುವಿನಿಂದ ಒಂದೆರಡು ಮಾರು ಒಳಗೆ, ಗದ್ದೆಯ ಸರಾಸರಿ ಮಟ್ಟದ ಜಾಗದಲ್ಲಿ ಊರಿ. ಎರೆಮಣ್ಣಾದರೆ ತೂತು ಮೆತ್ತಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಎತ್ತಿ ತೊಳೆಯಿರಿ. ಮಟ್ಟವಿಲ್ಲದ ಗದ್ದೆಗೆ ಒಂದು ಪೈಪ್ ಸಾಲದು.

ಈಗ ಕರಾರು. ಕಾರ್ಬನ್ ಹಣ ಬರುವುದು ನಿಮ್ಮ ಗದ್ದೆ ಎಷ್ಟು ಬಿಟ್ಟಿತೆಂಬುದಕ್ಕಲ್ಲ, ಮೊದಲಿಗಿಂತ ಎಷ್ಟು ಕಡಿಮೆಯಾಯಿತೆಂಬುದಕ್ಕೆ. ಸದಾ ನೀರು ನಿಂತ ಗದ್ದೆಯ ಗುಣಕ 1. ಬೆಳೆಯ ಅವಧಿಯಲ್ಲಿ ಒಮ್ಮೆ, ಮೂರು ದಿನಕ್ಕಿಂತ ಹೆಚ್ಚು ಆರಿದರೆ 0.71. ಒಂದಕ್ಕಿಂತ ಹೆಚ್ಚು ಸಲ ಆರಿದರೆ 0.55. ಕೊಯ್ಲಿಗೆ ಮುಂಚೆ ಬಸಿಯುವುದು ಇದಕ್ಕೆ ಲೆಕ್ಕವಿಲ್ಲ. ನಾಲೆಯ ತಲೆಭಾಗದವರು 1ರಿಂದ 0.55ಕ್ಕೆ ಇಳಿದರೆ ಉಳಿತಾಯ ದೊಡ್ಡದು. ಮದ್ದೂರಿನವರ ಲೆಕ್ಕವನ್ನೇ ಹಿಡಿದರೆ ಮೀಥೇನ್ 1,695ರಿಂದ 932ಕ್ಕೆ ಬರುತ್ತದೆ. ಆರಿಸಿದ ಗದ್ದೆಯಲ್ಲಿ ಸಾರಜನಕದ 0.5 ಪರ್ಸೆಂಟ್ ಹಾರುವುದರಿಂದ ನೈಟ್ರಸ್ ಆಕ್ಸೈಡ್ 77ರಿಂದ 129ಕ್ಕೆ ಏರುತ್ತದೆ. ಅದನ್ನು ಕಳೆದರೂ ಎಕರೆಗೆ 700 ಕಿಲೋ ಸಮಾನಕ್ಕಿಂತ ಹೆಚ್ಚು ಉಳಿತಾಯ. ನಿಮ್ಮ ಗದ್ದೆಯಾದರೋ ಕಟ್ಟು ನೀರಿನ ದೆಸೆಯಿಂದ ಮೊದಲೇ 0.71ರಲ್ಲೋ 0.55ರಲ್ಲೋ ಇದೆ. ಅಲ್ಲಿಂದ ಇಳಿಯಲು ಜಾಗವೇ ಇಲ್ಲದಿರಬಹುದು. ನಿಮ್ಮ ಮೊದಲ ಸ್ಥಿತಿಯನ್ನು ‘ಸದಾ ನೀರು’ ಎಂದು ಬರೆದಿದ್ದರೆ ಅದು ಸುಳ್ಳು ಲೆಕ್ಕ; ತಪಾಸಣೆಯಲ್ಲಿ ಬಿದ್ದುಹೋಗುತ್ತದೆ, ಅಷ್ಟರಲ್ಲಿ ಸಹಿ ನಿಮ್ಮದಾಗಿರುತ್ತದೆ.

ಕರಾರಿನಲ್ಲಿ ಈ ನಾಲ್ಕನ್ನು ಬೆರಳಿಟ್ಟು ಓದಿ: ಮೊದಲ ಸ್ಥಿತಿ ಏನೆಂದು ಬರೆದಿದೆ, ಎಷ್ಟು ವರ್ಷದ ಕಟ್ಟುಪಾಡು, ಬಂದ ಹಣದಲ್ಲಿ ನಿಮ್ಮ ಪಾಲೆಷ್ಟು, ನಾಲೆಗೆ ನೀರು ಬಿಡದ ವರ್ಷ ಏನಾಗುತ್ತದೆ. ಕೊನೆಯದಕ್ಕೆ ಉತ್ತರವಿಲ್ಲದಿದ್ದರೆ ಪತ್ರವನ್ನು ಹಿಂದಿರುಗಿಸಿ. ಸಹಿ ಹಾಕಿದರೂ ಹಾಕದಿದ್ದರೂ, ನೀರು ಬಂದ ದಿನ, ಆರಿದ ದಿನ, ಪೈಪಿನ ಮಟ್ಟ ಈ ಮೂರನ್ನು ಕ್ಯಾಲೆಂಡರಿನ ಮೇಲೇ ಬರೆಯುತ್ತ ಬನ್ನಿ. ಅದಿಲ್ಲದೆ ಯಾವ ತಂತ್ರಾಂಶ ಕೊಡುವ ಉತ್ತರವೂ ಊಹೆಯೇ.

ಪ್ರಶ್ನೆ: ಕಬ್ಬಿಗೆ 5 ಎಚ್‌ಪಿ ಪಂಪ್‌ಸೆಟ್ ನೀರು. ಕರೆಂಟ್ ಉಚಿತ, ಮೀಟರ್ ಇಲ್ಲ. ಯೂನಿಟ್ ತಿಳಿಯುವುದು ಹೇಗೆ? ತರಗು ಸುಟ್ಟರೆ ಎಷ್ಟು?
— ಕಬ್ಬು ಬೆಳೆಗಾರರು, ಪಾಂಡವಪುರ

ವೈರಿನ ಸುತ್ತ ಕಚ್ಚಿಸುವ ಕ್ಲ್ಯಾಂಪ್ ಮೀಟರ್ ಮೋಟಾರ್ ರಿಪೇರಿಯವರ ಬಳಿ ಇರುತ್ತದೆ. ಅವರಿಂದಲೇ ಅಳೆಸಿ, ಸ್ಟಾರ್ಟರ್ ಪೆಟ್ಟಿಗೆಗೆ ನೀವು ಕೈಹಾಕಬೇಡಿ. ನೀರು ಎತ್ತಲು ಶುರುವಾಗಿ ಹತ್ತು ನಿಮಿಷವಾದ ಮೇಲೆ ಮೂರೂ ಫೇಸಿನ ಆಂಪಿಯರ್ ಓದಿ ಸರಾಸರಿ ತೆಗೆಯಿರಿ. 1.732 × ವೋಲ್ಟ್ × ಆಂಪಿಯರ್ × 0.8, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಕಿಲೋವ್ಯಾಟ್. 400 ವೋಲ್ಟ್, 7.5 ಆಂಪಿಯರ್ ಇದ್ದರೆ 4.2 ಕಿಲೋವ್ಯಾಟ್, ಅಂದರೆ ಗಂಟೆಗೆ 4.2 ಯೂನಿಟ್. 5 ಎಚ್‌ಪಿ ಎಂದರೆ 3.73 ಎಂದು ನಾಮಫಲಕ ನೋಡಿ ಹಾಕುವುದು ತಪ್ಪು. ಅದು ಮೋಟಾರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಹೆಚ್ಚು. ವೋಲ್ಟೇಜ್ ಹಗಲು ರಾತ್ರಿ ಬೇರೆಯಾಗುವ ಕಡೆ ಎರಡು ಹೊತ್ತೂ ಅಳೆಯಿಸಿ.

ವರ್ಷಕ್ಕೆ ಎಕರೆಗೆ 300 ಗಂಟೆ ಓಡಿದ್ದರೆ 1,260 ಯೂನಿಟ್. ಭಾರತದ ಗ್ರಿಡ್ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.72 ಕಿಲೋ ಎಂದು ಹಿಡಿದರೆ 907 ಕಿಲೋ. ಬಿಲ್ಲು ಸೊನ್ನೆ, ಹೊಗೆ ಸೊನ್ನೆಯಲ್ಲ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದಾಗಲೆಲ್ಲ ಓಡುವುದರಿಂದ ನಿಮ್ಮ ನೆನಪಿನ ಗಂಟೆ ನಂಬಲಾಗದು. ಸ್ಟಾರ್ಟರಿಗೆ ಗಂಟೆ ಎಣಿಸುವ ಸಣ್ಣ ಮೀಟರ್ ಹಾಕಿಸಿ.

ಕಬ್ಬಿನ ಗದ್ದೆಯಲ್ಲಿ ನೀರು ನಿಲ್ಲದ ಕಾರಣ ಮೀಥೇನ್ ಇಲ್ಲ, ಆದರೆ ಯೂರಿಯಾ ಜೋರು. ಸಾರಜನಕದ 1 ಪರ್ಸೆಂಟ್ ಹಿಡಿದರೆ ಒಂದು ಚೀಲಕ್ಕೆ ನೇರ ನೈಟ್ರಸ್ ಆಕ್ಸೈಡ್ 89, ಪರೋಕ್ಷ 33, ಕರಗುವಾಗಿನ ಡೈಆಕ್ಸೈಡ್ 33. ಒಟ್ಟು 155 ಕಿಲೋ ಸಮಾನ. ಎಂಟು ಚೀಲ ಸುರಿದರೆ 1,240. ಪಂಪ್‌ಸೆಟ್ಟನ್ನೂ ಮೀರಿತು.

ತರಗಿನ ಲೆಕ್ಕ ನಿಮಗೆ ಅಚ್ಚರಿ ತರಬಹುದು. ಸುಟ್ಟಾಗ ಬರುವ ಡೈಆಕ್ಸೈಡ್ ಆ ಕಬ್ಬೇ ಗಾಳಿಯಿಂದ ಹೀರಿದ್ದು, ಹಾಗಾಗಿ ಎಣಿಸುವುದಿಲ್ಲ. ಉಳಿದ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಸೇರಿ ಟನ್ ಒಣತರಗಿಗೆ 74 ಕಿಲೋ ಸಮಾನ. ಮೂರು ಟನ್ನಿಗೆ 220. ಒಂದೂವರೆ ಚೀಲ ಯೂರಿಯಾದಷ್ಟೇ. ಸುಡುವುದರ ನಿಜವಾದ ನಷ್ಟ ಈ ಪಟ್ಟಿಯಲ್ಲಿ ಕಾಣುವುದಿಲ್ಲ: ತರಗಿನ ಸಾರಜನಕ ಹೊಗೆಯಾಗುತ್ತದೆ, ನೆಲ ಬೆತ್ತಲಾಗಿ ಪಂಪಿನ ಗಂಟೆ ಹೆಚ್ಚುತ್ತದೆ. ಕೂಳೆ ಬೆಳೆಯಲ್ಲಿ ಸಾಲು ಬಿಟ್ಟು ಸಾಲಿಗೆ ತರಗು ಹಾಸಿ, ಬಿಟ್ಟ ಸಾಲಿನಲ್ಲಿ ನೀರು ಹಾಯಿಸಿ. ಮೊದಲ ವಾರಗಳಲ್ಲಿ ಪೈರು ಹಳದಿ ತಿರುಗಿದರೆ ಗಾಬರಿ ಬೇಡ. ಕೊಳೆಯುವ ತರಗು ಮಣ್ಣಿನ ಸಾರಜನಕವನ್ನು ಕೆಲಕಾಲ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಒಟ್ಟು ಯೂರಿಯಾದಲ್ಲೇ ಒಂದು ಪಾಲನ್ನು ಮುಂಚೆ ಕೊಟ್ಟರೆ ಸರಿಹೋಗುತ್ತದೆ. ಹೊಸ ಚೀಲ ತರಬೇಡಿ.

ನೆಟ್ಟ ವರ್ಷದ ಉಳುಮೆ, ಬಿತ್ತನೆ ತುಂಡಿನ ಹೊರೆಯನ್ನು ನೆಟ್ಟ ಬೆಳೆಗೂ ಕೂಳೆಗಳಿಗೂ ಸಮ ಹಂಚಿ. ಆಲೆಮನೆಯ ಒಲೆ ಕಬ್ಬಿನ ಖಾತೆಗಲ್ಲ, ಬೆಲ್ಲದ ಖಾತೆಗೆ.

ಪ್ರಶ್ನೆ: ಪೆಟ್ಟಿಗೆ ಮುಚ್ಚಿ ಗದ್ದೆಯ ಮೀಥೇನ್ ಅಳೆಯುತ್ತಿದ್ದೇವೆ. ಒಂದೇ ತಾಕಿನಲ್ಲಿ ಒಮ್ಮೆ 2, ಒಮ್ಮೆ 40 ಬರುತ್ತಿದೆ. ಯಂತ್ರ ಕೆಟ್ಟಿದೆಯೇ?
— ಕೃಷಿ ವಿದ್ಯಾರ್ಥಿನಿ, ಮಂಡ್ಯ

ಯಂತ್ರವನ್ನು ಬೈಯುವ ಮೊದಲು ನಿಮ್ಮ ಕಾಲು ಎಲ್ಲಿತ್ತು ನೋಡಿ. ಕೆಸರಿಗೆ ಹೆಜ್ಜೆಯಿಟ್ಟರೆ ಹುದುಗಿದ್ದ ಗುಳ್ಳೆಗಳು ಒಮ್ಮೆಲೇ ಎದ್ದು ಪೆಟ್ಟಿಗೆಯೊಳಗೆ ಸೇರುತ್ತವೆ. 40 ಬರುವುದು ಹಾಗೆ. ಬದುವಿನಿಂದ ಪೆಟ್ಟಿಗೆಯವರೆಗೆ ಕಲ್ಲಿನ ಮೇಲೆ ಹಲಗೆ ಹಾಸಿ, ಹಂಗಾಮು ಮುಗಿಯುವವರೆಗೂ ಅದು ಅಲ್ಲೇ ಇರಲಿ.

ತಳದ ಚೌಕಟ್ಟನ್ನು ಹಿಂದಿನ ದಿನವೇ ಹತ್ತು ಸೆಂ.ಮೀ. ಊರಿಡಿ, ಅದರ ಅಂಚಿನ ತೋಡಿನಲ್ಲಿ ನೀರು ತುಂಬಿದ್ದರೆ ಮಾತ್ರ ಪೆಟ್ಟಿಗೆ ಸೋರುವುದಿಲ್ಲ. ಒಳಗೆ ಬ್ಯಾಟರಿ ಫ್ಯಾನ್, ಥರ್ಮಾಮೀಟರ್ ಇರಲಿ. ಬೆಳಿಗ್ಗೆ 9ರಿಂದ 11ರೊಳಗೆ 0, 10, 20, 30ನೇ ನಿಮಿಷಕ್ಕೆ ಸಿರಿಂಜಿನಲ್ಲಿ ಗಾಳಿ ಎಳೆಯಿರಿ. ನಾಲ್ಕು ಬಿಂದುವೂ ಒಂದು ನೇರಗೆರೆಗೆ ಕೂರಬೇಕು. ಮೊದಲ ಬಿಂದುವೇ ಎತ್ತರವಿದ್ದರೆ ಗುಳ್ಳೆ; ಕೊನೆಯದು ಬಾಗಿದರೆ ಸೋರಿಕೆ. ಅಂಥದನ್ನು ಸರಾಸರಿಯಲ್ಲಿ ಮುಚ್ಚಬೇಡಿ, ಕಾರಣ ಬರೆದು ಕೈಬಿಡಿ.

ಲೆಕ್ಕದಲ್ಲೂ ಒಂದು ಗುಂಡಿ ಇದೆ. ನೀರಿನ ಮೇಲೆ ಪೆಟ್ಟಿಗೆಯ ಎತ್ತರ 0.9 ಮೀಟರ್, ಗಂಟೆಗೆ 12 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 12) ಏರಿಕೆ ಎನ್ನಿ. ಪುಸ್ತಕದ ಸೂತ್ರ 30 ಡಿಗ್ರಿಯಲ್ಲಿ ಘನಮೀಟರಿಗೆ ಪಿಪಿಎಂ ಒಂದಕ್ಕೆ 0.645 ಮಿ.ಗ್ರಾಂ ಎನ್ನುತ್ತದೆ. ಅದು ಸಮುದ್ರಮಟ್ಟದ ಒತ್ತಡಕ್ಕೆ. ಮಂಡ್ಯ ಸುಮಾರು 700 ಮೀಟರ್ ಎತ್ತರದಲ್ಲಿದೆ, ಒತ್ತಡ 92 ಪರ್ಸೆಂಟ್ ಮಾತ್ರ, ಹಾಗಾಗಿ 0.59 ಹಿಡಿಯಿರಿ. 12 × 0.9 × 0.59 = 6.4 ಮಿ.ಗ್ರಾಂ, ಚದರ ಮೀಟರಿಗೆ ಗಂಟೆಗೆ. ದಿನಕ್ಕೆ ಹೆಕ್ಟೇರಿಗೆ 1.5 ಕಿಲೋ. ನೀರಿನ ಮಟ್ಟ ಪ್ರತಿಸಲ ಬದಲಾಗುವುದರಿಂದ 0.9 ಅನ್ನು ಪ್ರತಿಸಲ ಅಳೆಯಬೇಕು.

ನೈಟ್ರಸ್ ಆಕ್ಸೈಡಿಗೆ ವಾರಕ್ಕೊಂದು ಮಾದರಿ ಸಾಲದು. ಮೇಲುಗೊಬ್ಬರ ಕೊಟ್ಟ ಮೇಲೆ, ಗದ್ದೆ ಆರುವಾಗ ಅದು ಕೆಲವೇ ದಿನ ಚಿಮ್ಮಿ ಇಳಿಯುತ್ತದೆ. ಆ ದಿನಗಳಲ್ಲಿ ನಿತ್ಯ ತೆಗೆಯಿರಿ.

ಪ್ರಶ್ನೆ: ತಂಬಾಕು ಹದ ಮಾಡುವ ಬ್ಯಾರನ್ನಿನ ಸೌದೆ ಎಣಿಸಬೇಕೇ?
— ಹುಣಸೂರು

ತೂಕ ಹಾಕಿ ಬರೆದಿಡಿ, ಗಾಡಿ ಲೆಕ್ಕ ಬೇಡ. ಹಸಿ ಸೌದೆಗೂ ಒಣಗಿದ್ದಕ್ಕೂ ತೂಕ ಬೇರೆ. ಕಡಿದಷ್ಟು ಮತ್ತೆ ಬೆಳೆಸುವ ನೀಲಗಿರಿ, ಸರ್ವೆ ತೋಪಿನದಾದರೆ ಅದರ ಡೈಆಕ್ಸೈಡನ್ನು ಬೇರೆ ಸಾಲಿನಲ್ಲಿ ತೋರಿಸಿ, ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಮೊತ್ತಕ್ಕೆ ಸೇರಿಸುತ್ತಾರೆ. ಮತ್ತೆ ನೆಡದ ಮರದ್ದಾದರೆ ಪೂರ್ತಿ ಎಣಿಸಬೇಕು.

ಪ್ರಶ್ನೆ: ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಒಂದು ವರ್ಷದಲ್ಲಿ 0.50ರಿಂದ 0.55 ಪರ್ಸೆಂಟಿಗೆ ಏರಿದೆ. ಇದನ್ನು ಒಟ್ಟು ಲೆಕ್ಕದಿಂದ ಕಳೆಯಬಹುದಲ್ಲವೇ?
— ಸಾವಯವ ಕೃಷಿಕರು, ಟಿ. ನರಸೀಪುರ

ಕಳೆದು ನೋಡೋಣ. 30 ಸೆಂ.ಮೀ. ಆಳ, ಮಣ್ಣಿನ ಸಾಂದ್ರತೆ 1.35 ಎಂದರೆ 0.05 × 1.35 × 30 = ಹೆಕ್ಟೇರಿಗೆ 2 ಟನ್ ಇಂಗಾಲ. ಡೈಆಕ್ಸೈಡಿಗೆ ತಿರುಗಿಸಲು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 7.4 ಟನ್, ಎಕರೆಗೆ 3 ಟನ್. ಮೇಲಿನ ಭತ್ತದ ಗದ್ದೆಯ ಇಡೀ ಹೊರೆಯನ್ನು ಅಳಿಸಿ ಇನ್ನೂ ಒಂದು ಟನ್ ಉಳಿಯಿತು! ಆದರೆ 0.05 ಎನ್ನುವುದು ಒಂದೇ ಮಣ್ಣನ್ನು ಎರಡು ಸಲ ಪರೀಕ್ಷೆಗೆ ಕೊಟ್ಟರೂ ಬರಬಹುದಾದ ವ್ಯತ್ಯಾಸ. ಕಳೆಯಬೇಡಿ.

ಕಾರಣ ಇನ್ನೂ ಇವೆ. ಮಣ್ಣು ಆರೋಗ್ಯ ಚೀಟಿಗೆ ತೆಗೆಯುವ ಮಾದರಿ ಮೇಲಿನ 15 ಸೆಂ.ಮೀ.ನದು, ಗೊಬ್ಬರ ಬಿದ್ದು ಇಂಗಾಲ ಹೆಚ್ಚು ಕಾಣುವುದೇ ಅಲ್ಲಿ. ರೋಟವೇಟರ್ ಹೊಡೆದ ವಾರದಲ್ಲಿ ಮಣ್ಣು ಸಡಿಲವಾಗಿ ಸಾಂದ್ರತೆಯೇ ಬದಲಾಗಿರುತ್ತದೆ. ಪ್ರಯೋಗಾಲಯ ಬದಲಿಸಿದರೆ ವಿಧಾನ ಬದಲಾಗಬಹುದು. ವಾಕ್ಲಿ-ಬ್ಲ್ಯಾಕ್ ವಿಧಾನಕ್ಕೆ ಇಂಗಾಲದ ಮುಕ್ಕಾಲು ಭಾಗದಷ್ಟೇ ಸಿಗುವುದರಿಂದ 1.3ರಿಂದ ಗುಣಿಸುವುದು ರೂಢಿ. ಒಬ್ಬರು ಗುಣಿಸಿ, ಇನ್ನೊಬ್ಬರು ಗುಣಿಸದೆ ಕೊಟ್ಟರೆ ಏನೂ ಮಾಡದೆ ಇಂಗಾಲ ಏರಿಬಿಡುತ್ತದೆ.

ಸಾಂದ್ರತೆಯನ್ನು ನೀವೇ ಅಳೆಯಬಹುದು. 5 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಉಕ್ಕಿನ ಬಳೆಯನ್ನು ಮರದ ತುಂಡಿಟ್ಟು ತಟ್ಟಿ ಇಳಿಸಿ, ಸುತ್ತ ಅಗೆದು ಅಲುಗದಂತೆ ಎತ್ತಿ, ಎರಡೂ ಬಾಯಿಯನ್ನು ಚಾಕುವಿನಿಂದ ಸಮ ಮಾಡಿ. ಒಳಗಿನ ಗಾತ್ರ 98 ಘನ ಸೆಂ.ಮೀ. ಆ ಮಣ್ಣು 105 ಡಿಗ್ರಿಯಲ್ಲಿ ಒಂದು ದಿನ ಒಣಗಿ 132 ಗ್ರಾಂ ತೂಗಿದರೆ ಸಾಂದ್ರತೆ 1.35. ಹೀಗೆ ಮೇಲೆ, ನಡುವೆ, 25 ಸೆಂ.ಮೀ. ಆಳದಲ್ಲಿ ಒಂದೊಂದು. ಎಕರೆಗೆ ಹತ್ತು ಹದಿನೈದು ಕಡೆಯಿಂದ 30 ಸೆಂ.ಮೀ.ವರೆಗಿನ ಮಣ್ಣು ತೆಗೆದು ಬೆರೆಸಿ. ಜಾಗಗಳನ್ನು ಮೊಬೈಲಿನಲ್ಲಿ ಗುರುತಿಸಿಟ್ಟುಕೊಂಡು, ಒಣಗಿದ ಮಣ್ಣು ಒಂದು ಕಿಲೋ ಡಬ್ಬಿಯಲ್ಲಿ ಎತ್ತಿಡಿ. ಐದು ವರ್ಷದ ಮೇಲೆ ಅದೇ ತಿಂಗಳು, ಉಳುಮೆಗೆ ಮುಂಚೆ ಮತ್ತೆ ತೆಗೆದು, ಡಬ್ಬಿಯ ಹಳೆಯ ಮಣ್ಣನ್ನೂ ಹೊಸದನ್ನೂ ಒಂದೇ ದಿನ ಒಂದೇ ಪ್ರಯೋಗಾಲಯಕ್ಕೆ ಕೊಡಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಅವರಿಗೆ ಹೇಳಬೇಡಿ.